ಕೆಲಸದಲ್ಲಿದ್ದರೂ ಹಳದಿ ಚುಕ್ಕಿ: ಟೀಮ್ಸ್, ಸ್ಲ್ಯಾಕ್‌ನಲ್ಲಿ ಸ್ಟೇಟಸ್ ತಪ್ಪಾಗಿ ಕಂಡರೆ ಎಲ್ಲಿ ಹುಡುಕಬೇಕು

ಮಳೆಗಾಲದ ಒಂದು ಮಧ್ಯಾಹ್ನ. ಮನೆಯಿಂದ ಕೆಲಸ ಮಾಡುತ್ತಿದ್ದ ನಮ್ಮ ಸಹೋದ್ಯೋಗಿಯೊಬ್ಬರು ಐವತ್ತು ಪುಟಗಳ ಒಪ್ಪಂದದ ಕರಡನ್ನು ಮುದ್ರಿಸಿಕೊಂಡು, ಕೆಂಪು ಪೆನ್ನು ಹಿಡಿದು ಸಾಲು ಸಾಲಾಗಿ ತಿದ್ದುತ್ತಿದ್ದರು. ಎರಡು ಗಂಟೆಯ ನಂತರ ಲ್ಯಾಪ್‌ಟಾಪ್ ಕಡೆ ತಿರುಗಿದಾಗ ಮೇಲಧಿಕಾರಿಯ ಸಂದೇಶ ಕಾದಿತ್ತು: "ಊಟವಾದಾಗಿನಿಂದ ನೀವು ಕಾಣಿಸುತ್ತಿಲ್ಲ. ಎಲ್ಲಿದ್ದೀರಿ?" ಅವರು ನನಗೆ ಫೋನ್ ಮಾಡಿದಾಗ ಧ್ವನಿ ನಡುಗುತ್ತಿತ್ತು. "ಟೀಮ್ಸ್ ಕೆಟ್ಟಿದೆ ಸರ್, ದಯವಿಟ್ಟು ಸರಿ ಮಾಡಿಕೊಡಿ" ಎಂದರು. ಕಚೇರಿಯ ಸಂದೇಶ, ಕರೆ, ಮೀಟಿಂಗ್‌ಗಳಿಗೆ ಬಳಸುವ ಆ ಆಪ್ ಕೆಟ್ಟಿರಲಿಲ್ಲ. ಅದು ತನಗೆ ಹೇಳಿಕೊಟ್ಟಷ್ಟನ್ನು ಚಾಚೂ ತಪ್ಪದೆ ಮಾಡಿತ್ತು.

ಐಟಿ ಹೆಲ್ಪ್‌ಡೆಸ್ಕ್‌ನಲ್ಲಿ ಕೆಲಸ ಮಾಡುವ ನನಗೆ ಈ ದೂರು ಬೇರೆ ಬೇರೆ ವೇಷದಲ್ಲಿ ಮತ್ತೆ ಮತ್ತೆ ಬರುತ್ತದೆ. ಹೆಸರಿನ ಪಕ್ಕದ ಆ ಪುಟ್ಟ ಚುಕ್ಕಿಯನ್ನು ಜನ ಹಾಜರಿ ಪುಸ್ತಕದಂತೆ ಓದುತ್ತಾರೆ. ಅದು ಹುಟ್ಟಿದ್ದು ಬೇರೊಂದು ಕೆಲಸಕ್ಕೆ. ಸಂದೇಶ ರವಾನೆಗಾಗಿ 2004ರಲ್ಲಿ ಪ್ರಕಟವಾದ ಎಕ್ಸ್‌ಎಂಪಿಪಿ ಮಾನದಂಡದಲ್ಲೇ 'ಮಾತಿಗೆ ಸಿದ್ಧ', 'ಸ್ವಲ್ಪ ಆಚೆ ಇದ್ದೇನೆ', 'ಬಹಳ ಹೊತ್ತಿನಿಂದ ಇಲ್ಲ', 'ತೊಂದರೆ ಕೊಡಬೇಡಿ' ಎಂಬ ನಾಲ್ಕು ಸ್ಥಿತಿಗಳಿದ್ದವು. ಈಗ ಮಾತನಾಡಿಸಿದರೆ ಉತ್ತರ ಸಿಕ್ಕೀತೇ ಎಂದು ಎದುರಿನವರಿಗೆ ತಿಳಿಸುವುದಷ್ಟೇ ಅವುಗಳ ಉದ್ದೇಶ. ಚುಕ್ಕಿ ಅಳೆಯುವುದು ಕೀಬೋರ್ಡ್ ಮತ್ತು ಮೌಸ್‌ನ ಅಲುಗಾಟವನ್ನು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಹುಡುಕಿದರೆ ಮುಕ್ಕಾಲು ಪಾಲು ಗೊಂದಲ ಯಾರ ಸಹಾಯವೂ ಇಲ್ಲದೆ ಬಗೆಹರಿಯುತ್ತದೆ. ಇಲ್ಲಿ ಹೆಚ್ಚಾಗಿ ಮೈಕ್ರೋಸಾಫ್ಟ್ ಟೀಮ್ಸ್ ಬಗ್ಗೆ ಬರೆದಿದ್ದೇನೆ; ಅಂಥದ್ದೇ ಇನ್ನೊಂದು ಚಾಟ್ ಆಪ್ ಆದ ಸ್ಲ್ಯಾಕ್ ಬೇರೆಯಾಗಿ ನಡೆದುಕೊಳ್ಳುವ ಕಡೆ ಅದನ್ನೂ ಹೇಳಿದ್ದೇನೆ.

## ಏನನ್ನೂ ಬದಲಿಸುವ ಮೊದಲು

ಮೊದಲು ತಪ್ಪು ಯಾರಿಗೆ ಕಾಣುತ್ತಿದೆ ಎಂದು ಗೊತ್ತುಮಾಡಿಕೊಳ್ಳಿ. ನಿಮ್ಮ ಪರದೆಯಲ್ಲಿ ಹಸಿರು (ಲಭ್ಯ) ಇದ್ದು ಒಬ್ಬ ಸಹೋದ್ಯೋಗಿಗೆ ಮಾತ್ರ ಹಳದಿ (ಆಚೆ ಇದ್ದಾರೆ) ಕಾಣುತ್ತಿದ್ದರೆ, ಮೂರನೆಯವರೊಬ್ಬರನ್ನು ಕೇಳಿ. ಅವರಿಗೂ ಹಸಿರೇ ಕಂಡರೆ ಹಳೆಯ ಮಾಹಿತಿ ಹಿಡಿದುಕೊಂಡು ಕುಳಿತಿರುವುದು ಆ ಸಹೋದ್ಯೋಗಿಯ ಆಪ್. ಅವರು ಅದನ್ನು ಮುಚ್ಚಿ ತೆರೆದರೆ ಸಾಕು, ನೀವು ಮಾಡಬೇಕಾದದ್ದು ಏನೂ ಇಲ್ಲ.

ಎಲ್ಲರಿಗೂ ತಪ್ಪಾಗಿಯೇ ಕಾಣುತ್ತಿದ್ದರೆ ಅದೇ ಖಾತೆಯನ್ನು ಬ್ರೌಸರ್‌ನಲ್ಲಿ ತೆರೆದು ನೋಡಿ. ಬ್ರೌಸರ್‌ನಲ್ಲಿ ಸರಿಯಿದ್ದು ಕಂಪ್ಯೂಟರಿನ ಆಪ್‌ನಲ್ಲಿ ತಪ್ಪಿದ್ದರೆ ದೋಷ ನಿಮ್ಮ ಯಂತ್ರದೊಳಗಿದೆ. ಎರಡೂ ಕಡೆ ತಪ್ಪಿದ್ದರೆ ನಿಮ್ಮ ಪರವಾಗಿ ಬೇರೆ ಯಾವುದೋ ಮಾತನಾಡುತ್ತಿದೆ: ನೀವೇ ಹಿಂದೆಂದೋ ಆರಿಸಿ ಮರೆತ ಸ್ಟೇಟಸ್, ಕ್ಯಾಲೆಂಡರ್, ಇಲ್ಲವೇ ಇನ್ನೊಂದು ಸಾಧನ.

ಆಮೇಲೆ ಆಪ್ ಅನ್ನು ನಿಜವಾಗಿ ಮುಚ್ಚಿ ತೆರೆಯಿರಿ. ಮೂಲೆಯ ಗುಣಾಕಾರ ಚಿಹ್ನೆ ಒತ್ತಿದರೆ ಕಿಟಕಿ ಮರೆಯಾಗುತ್ತದೆಯೇ ಹೊರತು ಆಪ್ ನಿಲ್ಲುವುದಿಲ್ಲ. ವಿಂಡೋಸ್‌ನಲ್ಲಿ ಗಡಿಯಾರದ ಪಕ್ಕದ ಟೀಮ್ಸ್ ಚಿಹ್ನೆಯ ಮೇಲೆ ಬಲ ಕ್ಲಿಕ್ ಮಾಡಿ 'ಕ್ವಿಟ್' ಆರಿಸಬೇಕು. ಕರೆಯೋ ಮೀಟಿಂಗೋ ನಡೆಯುತ್ತಿರುವಾಗ ಇದನ್ನು ಮಾಡಬೇಡಿ.

## ಕೆಲಸ ಮಾಡುತ್ತಲೇ ಇದ್ದೇನೆ, ಚುಕ್ಕಿ ಮಾತ್ರ ಹಳದಿ

ಟೀಮ್ಸ್‌ನಲ್ಲಿ ಸುಮಾರು ಐದು ನಿಮಿಷ ಕೀಬೋರ್ಡ್, ಮೌಸ್ ಅಲುಗಾಡದಿದ್ದರೆ 'ಅವೇ' ಎಂದು ಹಳದಿಯಾಗುತ್ತದೆ. ಪರದೆಗೆ ಬೀಗ ಬಿದ್ದರೂ, ಕಂಪ್ಯೂಟರ್ ನಿದ್ದೆಗೆ ಜಾರಿದರೂ ಅಷ್ಟೇ. ಸ್ಲ್ಯಾಕ್ ಹತ್ತು ನಿಮಿಷ ಕಾಯುತ್ತದೆ. ಅಲ್ಲಿ ತುಂಬಿದ ಹಸಿರು ಚುಕ್ಕಿ ಹೋಗಿ ಟೊಳ್ಳು ವೃತ್ತ ಬರುತ್ತದೆ. ಕಾಗದ ಓದುವುದು, ಫಲಕದ ಮೇಲೆ ಚಿತ್ರ ಬರೆದು ಯೋಚಿಸುವುದು, ಗ್ರಾಹಕರೊಂದಿಗೆ ಸಾದಾ ಫೋನಿನಲ್ಲಿ ಮಾತನಾಡುವುದು, ಇವೆಲ್ಲ ಆಪ್‌ನ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಸಹೋದ್ಯೋಗಿಗೆ ಆದದ್ದು ಇಷ್ಟೇ.

ಆದರೆ ಟೈಪ್ ಮಾಡುತ್ತಿರುವಾಗಲೇ ಹಳದಿಯಾದರೆ ಕಾರಣ ಹುಡುಕಬೇಕು. ನಾನು ಕೇಳುವ ಮೊದಲ ಪ್ರಶ್ನೆ: ಟೀಮ್ಸ್ ಎಲ್ಲಿ ತೆರೆದಿದೆ?

ಫೋನಿನಲ್ಲಿ ಮಾತ್ರ ತೆರೆದಿದ್ದರೆ, ನೀವು ಬೇರೆ ಆಪ್‌ಗೆ ಹೋದ ಕೂಡಲೇ ಟೀಮ್ಸ್ ಹಿನ್ನೆಲೆಗೆ ಸರಿದು ನಿಮ್ಮನ್ನು 'ಅವೇ' ಎನ್ನುತ್ತದೆ. ಸ್ಲ್ಯಾಕ್ ಕೂಡ ಹೀಗೆಯೇ. ಕ್ಯಾಬ್‌ನಲ್ಲಿ ಕುಳಿತು ಫೋನಿನಲ್ಲೇ ಮೇಲ್‌ಗಳಿಗೆ ಉತ್ತರಿಸುವವರು ದಾರಿಯುದ್ದಕ್ಕೂ ಹಳದಿಯಾಗಿ ಕಾಣುವುದು ಇದರಿಂದ.

ಬ್ರೌಸರ್‌ನಲ್ಲಿ ತೆರೆದಿದ್ದರೆ, ಆ ಟ್ಯಾಬ್‌ನ ಹೊರಗೆ ನೀವು ಮಾಡುವ ಕೆಲಸ ಸಾಮಾನ್ಯವಾಗಿ ಅದಕ್ಕೆ ತಿಳಿಯುವುದಿಲ್ಲ. ಎಕ್ಸೆಲ್‌ನಲ್ಲಿ ಒಂದು ಗಂಟೆ ಮುಳುಗಿದ್ದರೂ ಬ್ರೌಸರ್ ಪಾಲಿಗೆ ಅದು ಮೌನ. ಜೊತೆಗೆ ಎಡ್ಜ್, ಕ್ರೋಮ್ ಎರಡೂ ನೆನಪಿನ ಜಾಗ ಉಳಿಸಲು ಬಳಸದ ಟ್ಯಾಬ್‌ಗಳನ್ನು ಮಲಗಿಸುತ್ತವೆ. ಕಂಪ್ಯೂಟರಿಗೆ ಪೂರ್ಣ ಆಪ್ ಹಾಕಿಕೊಂಡರೆ ಇದು ಮುಗಿಯುತ್ತದೆ. ಹಾಕಲು ಅನುಮತಿ ಇಲ್ಲದಿದ್ದರೆ, ಮಲಗಿಸದ ತಾಣಗಳ ಪಟ್ಟಿಗೆ ಚಾಟ್ ತಾಣವನ್ನು ಬ್ರೌಸರ್ ಸೆಟ್ಟಿಂಗ್ಸ್‌ನಲ್ಲಿ ಸೇರಿಸಿ.

ದೂರದ ಸರ್ವರ್‌ನಲ್ಲಿರುವ ವರ್ಚುವಲ್ ಡೆಸ್ಕ್‌ಟಾಪ್‌ನೊಳಗೆ ಟೀಮ್ಸ್ ತೆರೆದಿದ್ದರಂತೂ ಈ ಗೊಂದಲ ನಿತ್ಯದ್ದು. ಆ ಕಿಟಕಿಯಾಚೆ ನಿಮ್ಮ ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಒತ್ತಿದ ಕೀಲಿಗಳು ಒಳಗಿನ ಯಂತ್ರಕ್ಕೆ ತಲುಪುವುದೇ ಇಲ್ಲ. ಹೊರಗೂ ಒಳಗೂ ಓಡಾಡುತ್ತ ಕೆಲಸ ಮಾಡುವವರು ಚಾಟ್ ಯಾವ ಕಡೆ ಇರಬೇಕೆಂದು ಐಟಿಯವರನ್ನು ಕೇಳಿ ಒಂದು ಕಡೆ ಗಟ್ಟಿ ಮಾಡಿಕೊಳ್ಳುವುದು ಒಳ್ಳೆಯದು.

ಕೊನೆಯದಾಗಿ, ಲ್ಯಾಪ್‌ಟಾಪ್ ಬೇಗ ಮಲಗುತ್ತಿದೆಯೇ ನೋಡಿ. ಬ್ಯಾಟರಿಯಲ್ಲಿ ನಡೆಯುವಾಗ ನಿದ್ದೆಯ ಅವಧಿ ಕಡಿಮೆ ಇರುತ್ತದೆ. ಸ್ವಂತ ಯಂತ್ರವಾದರೆ ವಿಂಡೋಸ್ ಸೆಟ್ಟಿಂಗ್ಸ್‌ನ 'ಪವರ್' ವಿಭಾಗದಲ್ಲಿ ಬದಲಿಸಬಹುದು. ಕಂಪನಿಯ ಯಂತ್ರದಲ್ಲಿ ಪರದೆಯ ಬೀಗದ ಅವಧಿಯನ್ನು ಭದ್ರತೆಗಾಗಿ ನಿಗದಿ ಮಾಡಿರುತ್ತಾರೆ. ಅದನ್ನು ತಪ್ಪಿಸುವ ದಾರಿ ಹುಡುಕಬೇಡಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಹಳದಿಯ ಭಯಕ್ಕೆ ಮೌಸ್ ಅಲುಗಾಡಿಸುವ ಯುಎಸ್‌ಬಿ ಸಾಧನವನ್ನೋ ಸಾಫ್ಟ್‌ವೇರನ್ನೋ ತಂದು ಸಿಕ್ಕಿಸುವವರಿದ್ದಾರೆ. 2024ರಲ್ಲಿ ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕ್ ಕೀಬೋರ್ಡ್ ಚಟುವಟಿಕೆಯನ್ನು ಕೃತಕವಾಗಿ ತೋರಿಸಿದ ಆರೋಪದ ಮೇಲೆ ಹನ್ನೆರಡಕ್ಕೂ ಹೆಚ್ಚು ನೌಕರರನ್ನು ಕೆಲಸದಿಂದ ತೆಗೆಯಿತು. ಗುರುತಿಲ್ಲದ ಸಾಫ್ಟ್‌ವೇರ್ ಯಂತ್ರದೊಳಗೆ ಇನ್ನೇನನ್ನು ತರುತ್ತದೆಯೋ ಹೇಳಲಾಗದು. ಪ್ರಾಮಾಣಿಕವಾಗಿ ದುಡಿಯುವವರು ಒಂದು ಚುಕ್ಕಿಗಾಗಿ ಕಳ್ಳರಂತೆ ಕಾಣಬೇಕಾದ ಸ್ಥಿತಿ ತಂದುಕೊಳ್ಳಬಾರದು.

ಅದಕ್ಕಿಂತ ಸರಳವಾದದ್ದು ಸ್ಟೇಟಸ್ ಸಂದೇಶ. ಟೀಮ್ಸ್‌ನಲ್ಲಿ 280 ಅಕ್ಷರಗಳವರೆಗೆ ಬರೆಯಬಹುದು, ಕನ್ನಡದಲ್ಲೂ ಬರೆಯಬಹುದು. "ನಾಲ್ಕು ಗಂಟೆಯವರೆಗೆ ಒಪ್ಪಂದ ಓದುತ್ತಿರುತ್ತೇನೆ. ತುರ್ತಿದ್ದರೆ ಫೋನ್ ಮಾಡಿ" ಎಂದು ಬರೆದು, ಅದು ನಾಲ್ಕಕ್ಕೆ ತಾನಾಗಿ ಅಳಿಯುವಂತೆ ಸಮಯ ಕೊಡಿ. ನಿಮಗೆ ಯಾರಾದರೂ ಸಂದೇಶ ಟೈಪ್ ಮಾಡುವಾಗ ಕಾಣಿಸುವಂತೆ ಮಾಡುವ ಆಯ್ಕೆಯೂ ಅಲ್ಲೇ ಇದೆ. ನಮ್ಮ ಸಹೋದ್ಯೋಗಿ ಈಗ ಹೀಗೆ ಮಾಡುತ್ತಾರೆ. ಅವರ ಮೇಲಧಿಕಾರಿಯ ಜೊತೆ ಕುಳಿತು, ಈ ಹಳದಿ ಐದು ನಿಮಿಷದ ಲೆಕ್ಕವೆಂದು ನಾನೇ ತೋರಿಸಿಕೊಟ್ಟೆ. ಆ ಹತ್ತು ನಿಮಿಷದ ಮಾತು ಯಾವ ಸೆಟ್ಟಿಂಗ್ಸ್‌ಗಿಂತಲೂ ಹೆಚ್ಚು ಕೆಲಸ ಮಾಡಿತು. ತಂಡ ನಡೆಸುವವರು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ: ಚುಕ್ಕಿ ನೋಡಿ "ಎಲ್ಲಿದ್ದೀರಿ?" ಎಂದು ಕೇಳುವ ಮೊದಲು ನಿಮ್ಮ ಯಂತ್ರವನ್ನೂ ಐದು ನಿಮಿಷ ಮುಟ್ಟದೆ ಬಿಟ್ಟು ನೋಡಿ.

## ಏನು ಮಾಡಿದರೂ ಬಣ್ಣ ಕದಲುವುದಿಲ್ಲ

ಕೈಯಾರೆ ಆರಿಸಿದ ಸ್ಟೇಟಸ್ ತಾನಾಗಿ ಬರುವ ಸ್ಟೇಟಸ್‌ಗಿಂತ ಮೇಲು. ಸೋಮವಾರ ಯಾವುದೋ ಒತ್ತಡದಲ್ಲಿ 'ಅಪಿಯರ್ ಆಫ್‌ಲೈನ್' ಮಾಡಿ ಮರೆತಿದ್ದರೆ ಗುರುವಾರವೂ ನೀವು ಬೂದು ಬಣ್ಣದಲ್ಲೇ ಇರಬಹುದು. ಟೀಮ್ಸ್ ಸಾಮಾನ್ಯವಾಗಿ 'ಬ್ಯುಸಿ' ಮತ್ತು 'ಡು ನಾಟ್ ಡಿಸ್ಟರ್ಬ್' ಅನ್ನು ಒಂದು ದಿನ, ಉಳಿದವನ್ನು ಏಳು ದಿನ ಹಿಡಿದಿಡುತ್ತದೆ.

ಪ್ರೊಫೈಲ್ ಚಿತ್ರ ಒತ್ತಿ, ಸ್ಟೇಟಸ್ ಪಟ್ಟಿಯ ಕೆಳಗಿನ 'ರೀಸೆಟ್ ಸ್ಟೇಟಸ್' ಆರಿಸಿ. ಅಲ್ಲಿಗೆ ಆಪ್ ಮತ್ತೆ ತನ್ನ ಲೆಕ್ಕಕ್ಕೆ ಮರಳುತ್ತದೆ. ಇನ್ನು ಮುಂದೆ ಕೈಯಾರೆ ಬದಲಿಸುವಾಗ ಅದೇ ಪಟ್ಟಿಯ 'ಡ್ಯುರೇಶನ್' ಬಳಸಿ, ಅರ್ಧ ಗಂಟೆಯೋ ಎರಡು ಗಂಟೆಯೋ ಎಂದು ಗಡುವು ಕೊಡಿ.

ಸ್ಲ್ಯಾಕ್‌ನಲ್ಲಿ ನಿಮ್ಮನ್ನು 'ಅವೇ' ಎಂದು ಕೈಯಾರೆ ಗುರುತಿಸಿಕೊಳ್ಳಬಹುದು. ಸದಾ 'ಆ್ಯಕ್ಟಿವ್' ಎಂದು ಕಟ್ಟಿಹಾಕುವ ಆಯ್ಕೆ ಇಲ್ಲ. ಅದನ್ನು ಹುಡುಕುತ್ತ ಸಮಯ ಕಳೆಯಬೇಡಿ.

## ಬಿಡುವಾಗಿ ಕುಳಿತಿದ್ದೇನೆ, ಚುಕ್ಕಿ ಕೆಂಪು ಅಥವಾ ನೇರಳೆ

ಕೆಂಪಿನ ಪಕ್ಕದಲ್ಲಿ ಬರೆದಿರುವ ಪದವನ್ನು ಓದಿ, ಕಾರಣ ಅದರಲ್ಲೇ ಇರುತ್ತದೆ. 'ಇನ್ ಎ ಮೀಟಿಂಗ್' ಎಂದಿದ್ದರೆ ಮಾತನಾಡುತ್ತಿರುವುದು ಮೈಕ್ರೋಸಾಫ್ಟ್‌ನ ಮೇಲ್ ಆಪ್ ಆದ ಔಟ್‌ಲುಕ್‌ನ ಕ್ಯಾಲೆಂಡರ್. ಮೀಟಿಂಗ್ ಬೇಗ ಮುಗಿದರೂ, ಯಾರೂ ಬಾರದೇ ಹೋದರೂ ನಿಗದಿತ ಸಮಯ ಮುಗಿಯುವವರೆಗೆ ಕೆಂಪು ಉಳಿಯುತ್ತದೆ. "ಮಗುವನ್ನು ಶಾಲೆಯಿಂದ ಕರೆತರಬೇಕು" ಎಂಬಂತಹ ನೆನಪೋಲೆಗಳನ್ನು ಕ್ಯಾಲೆಂಡರಿಗೆ ಹಾಕುವ ಅಭ್ಯಾಸವಿದ್ದರೆ, ಅವುಗಳ 'ಶೋ ಆ್ಯಸ್' ಜಾಗದಲ್ಲಿ 'ಫ್ರೀ' ಆರಿಸಿ.

'ಇನ್ ಎ ಕಾಲ್' ಎಂದಿದ್ದು ನೀವು ಯಾವ ಕರೆಯಲ್ಲೂ ಇಲ್ಲದಿದ್ದರೆ ತಕ್ಷಣ ಎದ್ದು ನೋಡಿ. ಇನ್ನೊಂದು ಸಾಧನದಲ್ಲಿ ಕರೆ ಇನ್ನೂ ತೆರೆದಿರಬಹುದು: ಚಾರ್ಜಿಗೆ ಹಾಕಿದ ಫೋನು, ಮೀಟಿಂಗ್ ಕೋಣೆಯಲ್ಲಿ ಬಿಟ್ಟು ಬಂದ ಲ್ಯಾಪ್‌ಟಾಪ್. ಅಲ್ಲಿನ ಮೈಕ್ ತೆರೆದಿದ್ದರೆ ಮನೆಯ ಮಾತು ಕಚೇರಿಗೆ ಕೇಳಿಸುತ್ತಿರುತ್ತದೆ. 'ಪ್ರೆಸೆಂಟಿಂಗ್' ಎಂದಿದ್ದರೆ ಪರದೆ ಇನ್ನೂ ಹಂಚಿಕೆಯಾಗಿದೆಯೇ ಎಂದು ನೋಡುವುದು ಇನ್ನೂ ಮುಖ್ಯ.

ನೇರಳೆ ಬಾಣ ಎಂದರೆ 'ಔಟ್ ಆಫ್ ಆಫೀಸ್'. ದಸರಾ ರಜೆಗೆ ಊರಿಗೆ ಹೋಗುವಾಗ ಮೇಲ್‌ಗೆ ಹಾಕಿದ ಸ್ವಯಂಚಾಲಿತ ಉತ್ತರವನ್ನು ತೆಗೆಯದೆ ಕೆಲಸಕ್ಕೆ ಮರಳಿದ್ದೀರಿ. ಔಟ್‌ಲುಕ್‌ನಲ್ಲಿ ಅದನ್ನು ನಿಲ್ಲಿಸಿ, ಕ್ಯಾಲೆಂಡರಿನಲ್ಲಿ ರಜೆಯ ನಮೂದು ಹೆಚ್ಚು ದಿನ ಚಾಚಿಕೊಂಡಿದೆಯೇ ನೋಡಿ. ನಿಮ್ಮ ಸಂಸ್ಥೆಯ ಮೇಲ್‌ಬಾಕ್ಸ್ ಕ್ಲೌಡ್‌ನಲ್ಲಿ ಇಲ್ಲದೆ ಸ್ವಂತ ಸರ್ವರ್‌ನಲ್ಲಿದ್ದರೆ ಕ್ಯಾಲೆಂಡರಿನ ಬದಲಾವಣೆ ಚುಕ್ಕಿಗೆ ತಲುಪಲು ಒಂದು ಗಂಟೆಯವರೆಗೂ ಹಿಡಿಯಬಹುದು. ಅಲ್ಲಿಯವರೆಗೆ ತಾಳಿ, ನಂತರ ದೂರು ಕೊಡಿ.

## ಹಸಿರು, ಬೂದು, ಮತ್ತೆ ಹಸಿರು

ಬಣ್ಣ ಹೀಗೆ ಓಲಾಡಿದರೆ ಸಂಪರ್ಕದ ದೋಷ. ಚಾಟ್ ಆಪ್ ತನ್ನ ಸರ್ವರ್ ಜೊತೆ ಕಡಿಯದ ಒಂದು ಎಳೆಯನ್ನು ಹಿಡಿದುಕೊಂಡಿರುತ್ತದೆ. ಎಳೆ ಕಡಿದರೆ ನೀವು ಇದ್ದೀರೆಂಬ ಸುದ್ದಿಯೂ ನಿಲ್ಲುತ್ತದೆ. ಜಾಲತಾಣಗಳು ತೆರೆಯುತ್ತಿವೆ ಎಂದ ಮಾತ್ರಕ್ಕೆ ಈ ಎಳೆ ಸರಿಯಿದೆ ಎಂದಲ್ಲ. ಪುಟ ತೆರೆಯಲು ಒಂದು ಕ್ಷಣದ ಸಂಪರ್ಕ ಸಾಕು, ಚುಕ್ಕಿಗೆ ನಿರಂತರ ಸಂಪರ್ಕ ಬೇಕು.

ಮನೆಯಲ್ಲಿ ಕರೆಂಟ್ ಹೋಗಿ ಬಂದಾಗ ಹೀಗಾಗುವುದು ಸಾಮಾನ್ಯ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತಲೇ ಇರುತ್ತದೆ, ರೂಟರ್ ಮಾತ್ರ ಸತ್ತು ಮತ್ತೆ ಎದ್ದೇಳಲು ಸಮಯ ತೆಗೆದುಕೊಳ್ಳುತ್ತದೆ. ರೂಟರ್‌ಗೆಂದೇ ಪುಟ್ಟ ಯುಪಿಎಸ್‌ಗಳು ಸಿಗುತ್ತವೆ. ಕೊಳ್ಳುವ ಮೊದಲು ರೂಟರ್‌ನ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್ ಮತ್ತು ಆ್ಯಂಪಿಯರ್ ಓದಿಕೊಂಡು ಹೋಗಿ. ಒಂಬತ್ತು ವೋಲ್ಟ್‌ನ ರೂಟರ್‌ಗೆ ಹನ್ನೆರಡು ವೋಲ್ಟ್ ಕೊಟ್ಟರೆ ರೂಟರ್ ಸುಟ್ಟುಹೋಗಬಹುದು. ಗುಡುಗು ಸಿಡಿಲಿನ ಸಂಜೆ, ಅದರಲ್ಲೂ ಮಲೆನಾಡು, ಕರಾವಳಿಯ ಮನೆಗಳಲ್ಲಿ, ರೂಟರ್‌ನ ಪ್ಲಗ್ ಮತ್ತು ಕೇಬಲ್ ಎರಡನ್ನೂ ತೆಗೆದಿಡಿ. ಆ ಹೊತ್ತಿನಲ್ಲಿ ಚುಕ್ಕಿ ಬೂದಾಗಿದ್ದರೆ ಇರಲಿ.

ಕರೆಂಟ್ ಸರಿಯಿದ್ದರೆ ಫೋನಿನ ಹಾಟ್‌ಸ್ಪಾಟ್‌ಗೆ ಜೋಡಿಸಿ ಅರ್ಧ ಗಂಟೆ ನೋಡಿ. ಹಾಟ್‌ಸ್ಪಾಟ್‌ನಲ್ಲಿ ಚುಕ್ಕಿ ಸ್ಥಿರವಾಗಿದ್ದರೆ ದೋಷ ಮನೆಯ ಇಂಟರ್‌ನೆಟ್‌ನದು. ಅಲ್ಲೂ ಓಲಾಡಿದರೆ ವಿಪಿಎನ್ (ಕಚೇರಿಯ ಜಾಲಕ್ಕೆ ಸುರಕ್ಷಿತವಾಗಿ ಜೋಡಿಸುವ ದಾರಿ) ಮೇಲೆ ಅನುಮಾನ ಬರಬೇಕು. ವಿಪಿಎನ್ ಆಫ್ ಮಾಡಿ ಪರೀಕ್ಷಿಸುವುದು ನಿಮ್ಮ ಕೆಲಸವಲ್ಲ, ಇಲ್ಲಿಗೆ ನಿಲ್ಲಿಸಿ ಐಟಿಯವರಿಗೆ ಹೇಳಿ. ಆ್ಯಂಟಿವೈರಸ್ ಮತ್ತು ಫೈರ್‌ವಾಲ್‌ಗೂ ಇದೇ ಮಾತು.

ಒಮ್ಮೆಗೇ ಇಡೀ ತಂಡದ ಚುಕ್ಕಿಗಳು ಬೂದಾದರೆ ನಿಮ್ಮ ಯಂತ್ರವನ್ನು ಮುಟ್ಟಲೇಬೇಡಿ. ಸೇವೆಯೇ ಕುಸಿದಿರಬಹುದು. ಮೈಕ್ರೋಸಾಫ್ಟ್ ಮತ್ತು ಸ್ಲ್ಯಾಕ್ ಎರಡೂ ಸೇವೆಯ ಸ್ಥಿತಿಯನ್ನು ತಮ್ಮ ತಾಣಗಳಲ್ಲಿ ಪ್ರಕಟಿಸುತ್ತವೆ.

## ಹಸಿರು ಇದೆ, ಸಂದೇಶದ ಸದ್ದು ಬರುವುದಿಲ್ಲ

ಕಂಪ್ಯೂಟರಿನಲ್ಲಿ ನೀವು ಹಸಿರಾಗಿದ್ದರೆ ಫೋನಿಗೆ ಸದ್ದು ಕಳಿಸಬೇಕಾಗಿಲ್ಲ ಎಂದು ಆಪ್ ತಿಳಿಯುವಂತೆ ಸೆಟ್ಟಿಂಗ್ಸ್ ಇರಬಹುದು. ಟೀಮ್ಸ್‌ನ ಫೋನ್ ಆಪ್‌ನಲ್ಲಿ, ನೋಟಿಫಿಕೇಶನ್ಸ್ ಒಳಗೆ, ಡೆಸ್ಕ್‌ಟಾಪ್‌ನಲ್ಲಿ ಸಕ್ರಿಯರಾಗಿರುವಾಗ ತಡೆಯುವ ಆಯ್ಕೆ ಆನ್ ಆಗಿದೆಯೇ ನೋಡಿ. ಲ್ಯಾಪ್‌ಟಾಪ್ ಬಿಟ್ಟು ಅಡುಗೆಮನೆಗೆ ಹೋದ ಮೊದಲ ಕೆಲವು ನಿಮಿಷಗಳ ಸಂದೇಶಗಳು ಕೈತಪ್ಪುವುದು ಹೀಗೆ.

ಸ್ಲ್ಯಾಕ್‌ನಲ್ಲಿ ಇನ್ನೊಂದು ಸಿಕ್ಕು ಇದೆ: ನೋಟಿಫಿಕೇಶನ್ ವೇಳಾಪಟ್ಟಿ ನಿಮ್ಮ ಪ್ರೊಫೈಲ್‌ನ ಕಾಲವಲಯದ ಪ್ರಕಾರ ನಡೆಯುತ್ತದೆ. ನ್ಯೂಜೆರ್ಸಿಯ ಕೆಲಸ ಮುಗಿಸಿ ಬೆಂಗಳೂರಿಗೆ ಮರಳಿದವರೊಬ್ಬರು ಇಡೀ ಹಗಲು ಸಂದೇಶಗಳೇ ಬರುವುದಿಲ್ಲ ಎಂದು ಬಂದಿದ್ದರು. ರಾತ್ರಿ ಹತ್ತರಿಂದ ಬೆಳಗ್ಗೆ ಎಂಟರವರೆಗೆ ಮೌನ ಎಂದು ಇಟ್ಟಿದ್ದರು, ಕಾಲವಲಯ ಮಾತ್ರ ಅಮೆರಿಕದ ಪೂರ್ವ ಕರಾವಳಿಯದೇ ಉಳಿದಿತ್ತು. ಅಲ್ಲಿನ ಬೇಸಿಗೆಯಲ್ಲಿ ಅದು ನಮ್ಮ ಬೆಳಗ್ಗೆ 7.30ರಿಂದ ಸಂಜೆ 5.30. ಹೆಸರಿನ ಪಕ್ಕದ ಪುಟ್ಟ 'ಝಡ್' ಅಕ್ಷರ ಇದನ್ನೇ ಹೇಳುತ್ತಿತ್ತು, ಯಾರೂ ಗಮನಿಸಿರಲಿಲ್ಲ.

ಅಮೆರಿಕದ ತಂಡಗಳ ಜೊತೆ ಕೆಲಸ ಮಾಡುವವರು ಮಾರ್ಚ್‌ನ ಎರಡನೆಯ ಭಾನುವಾರ, ನವೆಂಬರ್‌ನ ಮೊದಲ ಭಾನುವಾರ ಇವನ್ನೂ ನೆನಪಿಡಿ. ಅಲ್ಲಿನ ಗಡಿಯಾರ ಒಂದು ಗಂಟೆ ಸರಿಯುತ್ತದೆ, ನಮ್ಮದು ಸರಿಯುವುದಿಲ್ಲ. ಅವರು ಕರೆದ ಮೀಟಿಂಗ್‌ಗಳು ನಿಮ್ಮ ಕ್ಯಾಲೆಂಡರಿನಲ್ಲಿ ಜಾಗ ಬದಲಿಸುತ್ತವೆ, ಕೆಂಪು ಚುಕ್ಕಿ ಬರುವ ಹೊತ್ತೂ ಬದಲಾಗುತ್ತದೆ.

## ಟೀಮ್ಸ್‌ನಲ್ಲಿ ಒಂದು ಬಣ್ಣ, ಔಟ್‌ಲುಕ್‌ನಲ್ಲಿ ಇನ್ನೊಂದು

ಎರಡನ್ನೂ ಪೂರ್ತಿ ಮುಚ್ಚಿ, ಮೊದಲು ಟೀಮ್ಸ್, ಆಮೇಲೆ ಔಟ್‌ಲುಕ್ ತೆರೆಯಿರಿ. ಹಳೆಯ ಔಟ್‌ಲುಕ್‌ನಲ್ಲಿ ಚುಕ್ಕಿಯೇ ಕಾಣದಿದ್ದರೆ ಫೈಲ್, ಆಪ್ಷನ್ಸ್, ಪೀಪಲ್ ಎಂದು ಹೋಗಿ ಆನ್‌ಲೈನ್ ಸ್ಟೇಟಸ್ ತೋರಿಸುವ ಗುರುತು ಹಾಕಿ. ಬೇರೆ ಸಂಸ್ಥೆಯವರ ಹೆಸರಿನ ಪಕ್ಕ ಖಾಲಿ ಬಿಳಿ ವೃತ್ತ ಕಂಡರೆ ಅವರ ಸ್ಥಿತಿ ನಿಮಗೆ ತಿಳಿಯದು ಎಂದರ್ಥ. ಅದನ್ನು ನಿರ್ಧರಿಸುವುದು ಎರಡೂ ಸಂಸ್ಥೆಗಳ ನಿರ್ವಾಹಕರು.

## ನಾನು ಮಲಗಿದ್ದೆ, ಚುಕ್ಕಿ ಹಸಿರಾಗಿತ್ತು

ಮೊದಲು ಮನೆಯೊಳಗೇ ನೋಡಿ. ಫೋನಿನಲ್ಲಿ ಟೀಮ್ಸ್ ತೆರೆದು ಹಾಗೆಯೇ ಬಿಟ್ಟಿದ್ದಿರಾ? ನಿಮ್ಮ ಟ್ಯಾಬ್ಲೆಟ್ ಮಕ್ಕಳ ಕೈಯಲ್ಲಿತ್ತೇ? ಕಚೇರಿಯ ಯಾವುದಾದರೂ ಹಂಚಿಕೆಯ ಕಂಪ್ಯೂಟರಿನಿಂದ ಲಾಗ್ ಔಟ್ ಆಗದೆ ಬಂದಿರಾ?

ಇವು ಯಾವುವೂ ಅಲ್ಲದಿದ್ದರೆ ಇದು ಸ್ಟೇಟಸ್‌ನ ದೋಷವಾಗಿ ಉಳಿಯುವುದಿಲ್ಲ. ನಿಮ್ಮ ಖಾತೆಗೆ ಬೇರೆಯವರು ಪ್ರವೇಶಿಸಿರಬಹುದು. ಮೈಕ್ರೋಸಾಫ್ಟ್ ಖಾತೆಯ ಪುಟದಲ್ಲಿ ಇತ್ತೀಚಿನ ಸೈನ್ ಇನ್‌ಗಳ ಪಟ್ಟಿ ಇರುತ್ತದೆ. ಅದರಲ್ಲಿ ಗುರುತಿಲ್ಲದ ಸಾಧನವೋ ಊರೋ ಕಂಡರೆ ಪಾಸ್‌ವರ್ಡ್ ಬದಲಿಸಿ, ಭದ್ರತಾ ವಿಭಾಗಕ್ಕೆ ಅದೇ ಕ್ಷಣ ಫೋನ್ ಮಾಡಿ. ಸ್ಲ್ಯಾಕ್‌ನಲ್ಲಿ ಉಳಿದೆಲ್ಲ ಸಾಧನಗಳಿಂದ ಹೊರಬರುವ ಆಯ್ಕೆ ಖಾತೆಯ ಸೆಟ್ಟಿಂಗ್ಸ್‌ನಲ್ಲಿದೆ. ಬೆಳಗಾಗಲಿ ಎಂದು ಕಾಯಬೇಡಿ. ಊರಿನ ಹೆಸರು ಮಾತ್ರ ತುಸು ಬೇರೆಯಿದ್ದರೆ ಗಾಬರಿ ಬೇಡ, ಮೊಬೈಲ್ ಇಂಟರ್‌ನೆಟ್ ಮತ್ತು ವಿಪಿಎನ್ ಬಳಸುವಾಗ ಊರು ತಪ್ಪಾಗಿ ಕಾಣುವುದುಂಟು. ಆದರೂ ಹೇಳಿಬಿಡಿ.

ಇದಕ್ಕೆ ಹೊಂದಿದ ಇನ್ನೊಂದು ಎಚ್ಚರಿಕೆ. "ನಾವು ಐಟಿ ವಿಭಾಗದವರು, ನಿಮ್ಮ ಖಾತೆಯಲ್ಲಿ ದೋಷವಿದೆ, ಸರಿಮಾಡುತ್ತೇವೆ" ಎಂದು ಕರೆ ಮಾಡಿ ಯಂತ್ರದ ಹಿಡಿತ ಕೇಳುವವರಿದ್ದಾರೆ. ವಿಂಡೋಸ್‌ನ 'ಕ್ವಿಕ್ ಅಸಿಸ್ಟ್' ಬಳಸಿ ಹೀಗೆ ಮೋಸ ಮಾಡುವವರ ಬಗ್ಗೆ ಮೈಕ್ರೋಸಾಫ್ಟ್ 2024ರ ಮೇ ತಿಂಗಳಲ್ಲೇ ಎಚ್ಚರಿಸಿತ್ತು. ಕರೆ ಕಡಿದು, ನಿಮಗೆ ಗೊತ್ತಿರುವ ಹೆಲ್ಪ್‌ಡೆಸ್ಕ್ ಸಂಖ್ಯೆಗೆ ನೀವೇ ತಿರುಗಿ ಮಾಡಿ. ನಿಜವಾದ ಹೆಲ್ಪ್‌ಡೆಸ್ಕ್‌ನವರು ಇದಕ್ಕೆ ಬೇಸರಪಡುವುದಿಲ್ಲ.

## ಇಷ್ಟಾದರೂ ಸರಿಹೋಗದಿದ್ದರೆ

ಬ್ರೌಸರ್‌ನಲ್ಲಿ ಸರಿಯಿದ್ದು ಆಪ್‌ನಲ್ಲಿ ಮಾತ್ರ ತಪ್ಪಿದ್ದರೆ ಆಪ್ ಕೂಡಿಟ್ಟುಕೊಂಡ ಹಳೆಯ ಮಾಹಿತಿಯನ್ನು ಅಳಿಸಬೇಕು. ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ಆಪ್ಸ್, ಇನ್‌ಸ್ಟಾಲ್ಡ್ ಆಪ್ಸ್ ಎಂದು ಹೋಗಿ, ಟೀಮ್ಸ್‌ನ 'ಅಡ್ವಾನ್ಸ್ಡ್ ಆಪ್ಷನ್ಸ್' ತೆರೆಯಿರಿ. ಮೊದಲು 'ರಿಪೇರ್', ಅದು ಫಲಿಸದಿದ್ದರೆ 'ರೀಸೆಟ್'. ರೀಸೆಟ್ ಆದರೆ ಮತ್ತೆ ಲಾಗಿನ್ ಆಗಬೇಕಾಗುತ್ತದೆ, ಮೈಕ್ ಮತ್ತು ಕ್ಯಾಮೆರಾದ ಆಯ್ಕೆಗಳು ಅಳಿಸಿಹೋಗಬಹುದು. ಸಂಭಾಷಣೆಗಳು ಸರ್ವರ್‌ನಲ್ಲಿರುವುದರಿಂದ ಉಳಿಯುತ್ತವೆ. ಪಾಸ್‌ವರ್ಡ್ ಮತ್ತು ಎರಡನೇ ಹಂತದ ದೃಢೀಕರಣದ ಫೋನು ಕೈಯಲ್ಲಿದ್ದಾಗ ಮಾತ್ರ ಮಾಡಿ. ಸ್ಲ್ಯಾಕ್‌ನಲ್ಲಿ ಇದೇ ಕೆಲಸಕ್ಕೆ ಹೆಲ್ಪ್ ಮೆನುವಿನ ಟ್ರಬಲ್‌ಶೂಟಿಂಗ್ ಒಳಗೆ 'ಕ್ಲಿಯರ್ ಕ್ಯಾಶ್ ಆ್ಯಂಡ್ ರೀಸ್ಟಾರ್ಟ್' ಇದೆ. ಇದಕ್ಕೂ ಮುಂದೆ ಹೋಗಿ ವಿಂಡೋಸ್ ಅನ್ನೇ ಹೊಸದಾಗಿ ಹಾಕಲು ಹೊರಡುವುದು ಇಲಿಗೆ ಹೆದರಿ ಮನೆಗೆ ಬೆಂಕಿ ಇಟ್ಟಂತೆ.

ಹೆಲ್ಪ್‌ಡೆಸ್ಕ್‌ಗೆ ಟಿಕೆಟ್ (ಲಿಖಿತ ದೂರು) ಹಾಕುವಾಗ "ಸ್ಟೇಟಸ್ ಸರಿಯಿಲ್ಲ" ಎಂದಷ್ಟೇ ಬರೆದರೆ ನಾವು ಮತ್ತೆ ಮೊದಲಿನಿಂದ ಕೇಳಬೇಕಾಗುತ್ತದೆ. ಯಾವ ದಿನ, ಎಷ್ಟು ಗಂಟೆಗೆ, ಭಾರತೀಯ ಕಾಲಮಾನದಲ್ಲಿ; ನಿಮಗೆ ಯಾವ ಬಣ್ಣ, ಇತರರಿಗೆ ಯಾವ ಬಣ್ಣ, ಎರಡರ ಸ್ಕ್ರೀನ್‌ಶಾಟ್; ಯಾವ ಯಾವ ಸಾಧನದಲ್ಲಿ ಲಾಗಿನ್ ಆಗಿದ್ದೀರಿ; ಬ್ರೌಸರ್‌ನಲ್ಲಿ ಹೇಗಿತ್ತು; ವಿಪಿಎನ್ ಇತ್ತೇ; ಆ ಹೊತ್ತಿಗೆ ಕ್ಯಾಲೆಂಡರಿನಲ್ಲಿ ಏನಿತ್ತು. ಸ್ಕ್ರೀನ್‌ಶಾಟ್‌ನಲ್ಲಿ ಖಾಸಗಿ ಸಂಭಾಷಣೆ ಕಾಣುತ್ತಿದ್ದರೆ ಕತ್ತರಿಸಿ ಕಳಿಸಿ. ವಿಂಡೋಸ್‌ನ ಟೀಮ್ಸ್‌ನಲ್ಲಿ ಕಂಟ್ರೋಲ್, ಆಲ್ಟ್, ಶಿಫ್ಟ್ ಜೊತೆ 1 ಒತ್ತಿದರೆ ಲಾಗ್ ಕಡತಗಳು (ಆಪ್ ಏನೇನು ಮಾಡಿತೆಂಬ ದಾಖಲೆ) ಡೌನ್‌ಲೋಡ್ಸ್ ಫೋಲ್ಡರಿಗೆ ಬಂದು ಸೇರುತ್ತವೆ. ದೋಷ ಕಂಡ ಕೂಡಲೇ ಅದನ್ನು ಒತ್ತಿ, ಮರುದಿನ ತೆಗೆದ ಲಾಗ್‌ನಲ್ಲಿ ಹಿಂದಿನ ದಿನದ ದೋಷದ ಗುರುತು ಸಿಗದೇ ಹೋಗಬಹುದು.